ನೆಲ ಎಲ್ಲವನ್ನೂ ಸೋಸುವುದಿಲ್ಲ

ಮಾನ್ಯ ಸಂಪಾದಕರಿಗೆ,

ಧಾರವಾಡದ ಅಂಚಿನಲ್ಲಿರುವ ನಮ್ಮ ಬಡಾವಣೆಗೆ ಒಳಚರಂಡಿ ಇನ್ನೂ ಬಂದಿಲ್ಲ. ಮನೆಗೊಂದು ಶೌಚಗುಂಡಿ ಇದೆ. ಅದು ತುಂಬಿದಾಗಲೆಲ್ಲ ಹೀರುವ ಗಾಡಿಯನ್ನು ಕರೆಸಿ ದುಡ್ಡು ಕೊಡಬೇಕು. ಈ ಖರ್ಚಿನಿಂದ ಪಾರಾಗಲು ಕೆಲವರು ಕಂಡುಕೊಂಡಿರುವ ಹಾದಿಯೆಂದರೆ, ನೀರು ಬತ್ತಿ ನಿಂತ ಕೊಳವೆಬಾವಿಗೆ ಪೈಪು ಜೋಡಿಸಿ ಗುಂಡಿಯ ಹೊಲಸು ನೀರನ್ನು ಅದರೊಳಕ್ಕೆ ಬಿಡುವುದು. ಕಳೆದ ತಿಂಗಳು ನಡೆದ ನಿವಾಸಿಗಳ ಸಭೆಯಲ್ಲಿ, ನಮ್ಮ ಓಣಿಯ ತುದಿಯಲ್ಲಿರುವ ನಾನ್ನೂರು ಅಡಿಯ ಹಳೆಯ ಕೊಳವೆಬಾವಿಯನ್ನು ಹೀಗೆಯೇ ಬಳಸಿಕೊಳ್ಳೋಣವೆಂಬ ಸಲಹೆ ಬಂತು. ನಾನು ಬೇಡವೆಂದಾಗ ಹಿರಿಯರೊಬ್ಬರು, "ಅಕ್ಕಾರ, ಭೂಮಿತಾಯಿ ಎಲ್ಲಾ ಸೋಸತಾಳ್ರಿ. ಅಷ್ಟು ಆಳಕ್ಕ ಹೋದದ್ದು ಮತ್ತ ಮ್ಯಾಲ ಬರತೈತೇನ್ರಿ?" ಎಂದು ಕೇಳಿದರು. ಅವರು ಕೇಡು ಬಯಸುವವರಲ್ಲ. ಅವರ ಪ್ರಶ್ನೆಯೂ ಸಣ್ಣದಲ್ಲ. ಸಭೆಯ ಗದ್ದಲದಲ್ಲಿ ಅದಕ್ಕೆ ತಕ್ಕ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಮೂವತ್ತು ವರ್ಷ ಭೂಗೋಳ ಕಲಿಸಿದವಳಾಗಿ ಆ ಉತ್ತರವನ್ನು ನಿಮ್ಮ ಪತ್ರಿಕೆಯ ಮೂಲಕ, ಅವರಿಗೂ ಅವಳಿ ನಗರದ ಇತರ ಓದುಗರಿಗೂ ತಲುಪಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾದರೆ ಕ್ಷಮಿಸಬೇಕು.

ಮಣ್ಣು ನೀರನ್ನು ಸೋಸುತ್ತದೆ ಎಂಬುದು ನಿಜ. ಮೇಲ್ಪದರದ ಮಣ್ಣಿನಲ್ಲಿ, ಮರಳಿನಲ್ಲಿ ನೀರು ಕಣಕಣದ ನಡುವೆ ನುಸುಳಿಕೊಂಡು ಬಹಳ ನಿಧಾನವಾಗಿ ಇಳಿಯುತ್ತದೆ. ಆ ನಿಧಾನವೇ ಸೋಸುವಿಕೆಯ ಗುಟ್ಟು. ಹೊಲಸಿನ ಕಣಗಳು ಮಣ್ಣಿಗೆ ಅಂಟಿಕೊಳ್ಳುತ್ತವೆ, ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ, ರೋಗಾಣುಗಳು ದಿನ ಕಳೆದಂತೆ ಸಾಯುತ್ತವೆ. ಆದರೆ ನೀರಿಗೆ ಕಣಗಳ ಸಂದಿಯ ಬದಲು ಬಿರುಕೋ ಸುರಂಗವೋ ದಾರಿಯಾದರೆ ಇದಾವುದೂ ನಡೆಯುವುದಿಲ್ಲ. ಒಳಗೆ ಹೋದ ನೀರು ಹೋದ ಹಾಗೆಯೇ ಇನ್ನೊಂದು ಕಡೆ ಹೊರಗೆ ಬರುತ್ತದೆ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಸುಣ್ಣಕಲ್ಲಿನ ನಾಡಿನ ನದಿಗಳು.

ಸುಣ್ಣಕಲ್ಲಿನ ಗುಣ ತಿಳಿಯಲು ನಮ್ಮವರು ದೂರ ಹೋಗಬೇಕಿಲ್ಲ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಹಳೆಯ ಮನೆಗಳಿಗೆ ಹಾಸಿರುವ ಶಹಾಬಾದ್ ಫರ್ಸಿ ಸುಣ್ಣಕಲ್ಲೇ. ಅದರ ಮೇಲೆ ಲಿಂಬೆಹುಳಿ ಚೆಲ್ಲಿದರೆ ಕೂಡಲೇ ಒರೆಸಬೇಕೆಂದು ನಮ್ಮ ಅತ್ತೆಯವರು ಎಚ್ಚರಿಸುತ್ತಿದ್ದರು. ಒರೆಸುವುದು ತಡವಾದರೆ ಅಲ್ಲಿ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತಿತ್ತು. ಹುಳಿ ಆ ಕಲ್ಲನ್ನು ಕರಗಿಸುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರ ಮಂದವಾದ ಆಮ್ಲವಾಗುತ್ತದೆ. ಅಂಥ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಸಾವಿರಾರು, ಲಕ್ಷಾಂತರ ವರ್ಷ ಹರಿದರೆ ಬಿರುಕು ಸಂದಿಯಾಗುತ್ತದೆ, ಸಂದಿ ಸುರಂಗವಾಗುತ್ತದೆ, ಸುರಂಗ ಗುಹೆಯಾಗುತ್ತದೆ. ಕೊನೆಗೆ ಮೇಲೆ ಹರಿಯುತ್ತಿದ್ದ ನದಿಯೇ ನೆಲದೊಳಕ್ಕೆ ಇಳಿದುಬಿಡುತ್ತದೆ. ಇಂಥ ಭೂಪ್ರದೇಶಕ್ಕೆ ಭೂಗೋಳದಲ್ಲಿ ಕಾರ್ಸ್ಟ್ ಎಂದು ಹೆಸರು. ಯುರೋಪಿನ ಸ್ಲೊವೇನಿಯಾ ದೇಶದ ಕ್ರಾಸ್ ಎಂಬ ಪ್ರಸ್ಥಭೂಮಿಯಿಂದ ಬಂದ ಹೆಸರಿದು.

ಆ ದೇಶದ ರಾಜಧಾನಿ ಲ್ಯುಬ್ಲ್ಯಾನಾದ ನಡುವೆ ಹರಿಯುವ ಲ್ಯುಬ್ಲ್ಯಾನಿತ್ಸಾ ನದಿಯನ್ನು ಅಲ್ಲಿಯವರು ಏಳು ಹೆಸರಿನ ನದಿ ಎಂದು ಕರೆಯುತ್ತಾರೆ. ನಮ್ಮ ಶಾಲ್ಮಲೆಗೂ ಮೂರು ಹೆಸರುಗಳುಂಟು: ಸೋಮೇಶ್ವರ ಗುಡಿಯ ಬಳಿ ಹುಟ್ಟಿ, ಕಲಘಟಗಿಯ ಕಡೆ ಬೇಡ್ತಿಯೊಡನೆ ಸೇರಿ, ಮಾಗೋಡಿನಲ್ಲಿ ಬೇಡ್ತಿಯಾಗಿ ಧುಮುಕಿ, ಗಂಗಾವಳಿಯಾಗಿ ಸಮುದ್ರ ಸೇರುತ್ತಾಳೆ. ಆದರೆ ಅವಳನ್ನು ದಂಡೆಗುಂಟ ನಡೆದು ಕೊನೆಯವರೆಗೆ ಹಿಂಬಾಲಿಸಬಹುದು. ಲ್ಯುಬ್ಲ್ಯಾನಿತ್ಸಾವನ್ನು ಹಾಗೆ ಹಿಂಬಾಲಿಸಲಾಗದು. ಕ್ರೊಯೇಷಿಯಾದ ಗಡಿಯ ಬಳಿ ತರ್ಬುಹೋವಿತ್ಸಾ ಎಂಬ ಹೆಸರಿನಿಂದ ಹೊರಟ ನೀರು ನೆಲದೊಳಗೆ ಇಂಗಿ ಮುಂದಿನ ಬಯಲಿನಲ್ಲಿ ಒಬರ್ಹ್ ಆಗಿ ಚಿಮ್ಮುತ್ತದೆ, ಮತ್ತೆ ಮರೆಯಾಗಿ ಸ್ತರ್ಝೆನ್ ಆಗುತ್ತದೆ, ಆಮೇಲೆ ರಾಕ್ ಆಗುತ್ತದೆ. ಬೇರೊಂದು ದಿಕ್ಕಿನಿಂದ ಬರುವ ಪಿವ್ಕಾ ಎಂಬ ಹೊಳೆ ಪೋಸ್ಟೋಯ್ನಾ ಗುಹೆಯೊಳಕ್ಕೆ ನುಗ್ಗುತ್ತದೆ. ರಾಕ್ ಮತ್ತು ಪಿವ್ಕಾ ಪ್ಲಾನಿನಾ ಗುಹೆಯ ಕತ್ತಲೆಯಲ್ಲಿ ಸಂಗಮವಾಗುತ್ತವೆ; ನಮ್ಮಲ್ಲಿ ಕೃಷ್ಣೆ-ಮಲಪ್ರಭೆಯರು ಕೂಡಲಸಂಗಮದಲ್ಲಿ ಬಯಲಿನಲ್ಲಿ ಕೂಡುವುದನ್ನು ಅಲ್ಲಿಯ ನದಿಗಳು ಬೆಟ್ಟದ ಹೊಟ್ಟೆಯೊಳಗೆ ಮಾಡುತ್ತವೆ. ಗುಹೆಯಿಂದ ಹೊರಬಂದ ನದಿಗೆ ಉನಿತ್ಸಾ ಎಂದು ಹೆಸರು. ಅದೂ ಪ್ಲಾನಿನಾ ಬಯಲನ್ನು ದಾಟಿ ಮತ್ತೆ ಇಂಗಿ, ವರ್ಹ್‌ನಿಕಾ ಎಂಬ ಊರಿನ ಬಳಿ ಹಲವು ಬುಗ್ಗೆಗಳಾಗಿ ಎದ್ದು, ಕಡೆಗೆ ಲ್ಯುಬ್ಲ್ಯಾನಿತ್ಸಾ ಎನಿಸಿಕೊಳ್ಳುತ್ತದೆ. ವರ್ಹ್‌ನಿಕಾದಿಂದ ಸಾವಾ ನದಿಯನ್ನು ಸೇರುವವರೆಗಿನ ಅದರ ಉದ್ದ 41 ಕಿಲೋಮೀಟರು. ಮೇಲಿನ ಆರು ಹೆಸರುಗಳ ಹಾದಿ ಈ ಲೆಕ್ಕಕ್ಕೆ ಸೇರಿಲ್ಲ. ಪ್ರತಿ ಬಯಲಿನ ಜನರೂ ತಮ್ಮ ಕಣ್ಣೆದುರು ಎದ್ದು ತಮ್ಮ ಕಣ್ಣೆದುರೇ ಇಂಗುವ ನೀರನ್ನು ತಮ್ಮದೇ ಒಂದು ನದಿಯೆಂದು ತಿಳಿದು ಹೆಸರಿಟ್ಟರು. ಈ ಹೊಳೆಗಳ ಒಳಹಾದಿಗಳನ್ನು 1972ರಿಂದ 1975ರವರೆಗೆ ವಿಜ್ಞಾನಿಗಳು ನೀರಿಗೆ ಬಣ್ಣ ಮತ್ತಿತರ ಗುರುತಿನ ವಸ್ತುಗಳನ್ನು ಬೆರೆಸಿ ವ್ಯವಸ್ಥಿತವಾಗಿ ಪತ್ತೆ ಮಾಡಿದರು.

ಇಂಥ ನದಿಯೊಡನೆ ಜನರು ಬದುಕಿದ ರೀತಿ ನನಗೆ ಭೂಗೋಳದ ಪಾಠಗಳಲ್ಲೆಲ್ಲ ಹೆಚ್ಚು ಪ್ರಿಯವಾದದ್ದು. ಸ್ತರ್ಝೆನ್ ಹರಿಯುವ ಬಯಲಿನಲ್ಲಿ ತ್ಸೆರ್ಕ್ನಿತ್ಸಾ ಎಂಬ ಕೆರೆಯಿದೆ. ಮಳೆಗಾಲದಲ್ಲಿ ಒಳಗಿನ ಸುರಂಗಗಳು ತುಂಬಿ ಉಕ್ಕಿದಾಗ ಅದು ಇಪ್ಪತ್ತಕ್ಕೂ ಹೆಚ್ಚು ಚದರ ಕಿಲೋಮೀಟರು ಹರಡಿ ಆ ದೇಶದ ಅತಿ ದೊಡ್ಡ ಸರೋವರವಾಗುತ್ತದೆ, ಬೇಸಿಗೆಯಲ್ಲಿ ತಳದ ತೂತುಗಳಿಂದ ನೀರು ಇಳಿದುಹೋಗಿ ಹುಲ್ಲುಗಾವಲಾಗುತ್ತದೆ. ಒಂದೇ ವರ್ಷದಲ್ಲಿ ಒಂದೇ ಜಾಗದಲ್ಲಿ ಮೀನು ಹಿಡಿದು, ಹುಲ್ಲು ಕೊಯ್ದು, ದನ ಮೇಯಿಸುವವರು ಅಲ್ಲಿಯ ರೈತರು. ವಾಲ್ವಾಸೋರ್ ಎಂಬ ಸ್ಥಳೀಯ ವಿದ್ವಾಂಸ ಈ ಕೆರೆ ತುಂಬಿ ಬರಿದಾಗುವ ಬಗೆಯನ್ನು ವಿವರಿಸಿದ್ದಕ್ಕಾಗಿ 1687ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯನಾದ. 1960ರ ದಶಕದ ಕೊನೆಯಲ್ಲಿ, ನೀರು ಇಳಿಯುವ ಗುಹೆಗಳ ಬಾಯಿಗೆ ಕಾಂಕ್ರೀಟು ಗೋಡೆ ಕಟ್ಟಿ ಕೆರೆಯನ್ನು ವರ್ಷವಿಡೀ ನಿಲ್ಲಿಸುವ ಯತ್ನ ನಡೆಯಿತು. ನೀರು ನಿಲ್ಲಲಿಲ್ಲ, ಒಂದು ಬಾಯಿ ಮುಚ್ಚಿದರೆ ಇಳಿದುಹೋಗಲು ಅದಕ್ಕೆ ಬೇರೆ ಎಷ್ಟೋ ಬಾಯಿಗಳಿದ್ದವು. ಪ್ಲಾನಿನಾ ಬಯಲೂ ಮಳೆಗಾಲದಲ್ಲಿ ನೆರೆಯಿಂದ ಮುಳುಗುತ್ತದೆ, ಆದ್ದರಿಂದ ಅಲ್ಲಿಯ ಹಳ್ಳಿಗಳು ಬಯಲಿನ ನಡುವೆ ಇರದೆ ಅಂಚಿನ ಏರಿನಲ್ಲಿ ಇವೆ. ನದಿ ಮೇಲೆ ಕಾಣಿಸಿಕೊಂಡ ಕಡೆಗಳಲ್ಲೆಲ್ಲ ಹಿಟ್ಟಿನ ಗಿರಣಿಗಳೂ ಮರ ಕೊಯ್ಯುವ ಗಿರಣಿಗಳೂ ನೀರಿನ ಬಲದಿಂದ ನಡೆದವು. ವರ್ಹ್‌ನಿಕಾದಿಂದ ಕೆಳಕ್ಕೆ ಹರಿವು ತೀರ ಮಂದ; ಅದನ್ನು ನೋಡಿಯೇ ರೋಮನ್ನರು ಅಲ್ಲಿ ನೌಪೋರ್ತುಸ್ ಎಂಬ ಬಂದರು ಮಾಡಿಕೊಂಡು, ಇಂದಿನ ಲ್ಯುಬ್ಲ್ಯಾನಾ ಇರುವಲ್ಲಿದ್ದ ಎಮೋನಾ ಪಟ್ಟಣಕ್ಕೆ ದೋಣಿಗಳಲ್ಲಿ ಸರಕು ಸಾಗಿಸಿದರು. ಅದಕ್ಕೂ ಸಾವಿರಾರು ವರ್ಷ ಮೊದಲು ಆ ದಂಡೆಯ ಜೌಗಿನಲ್ಲಿ ಮರದ ಕಂಬಗಳ ಮೇಲೆ ಮನೆ ಕಟ್ಟಿಕೊಂಡು ಜನ ವಾಸವಾಗಿದ್ದರು. ಅವರ ಕಾಲದ, ಐದು ಸಾವಿರ ವರ್ಷಗಳಿಗೂ ಹಳೆಯದಾದ ಮರದ ಗಾಲಿಯೊಂದು ಅಚ್ಚಿನ ಸಮೇತ 2002ರಲ್ಲಿ ಆ ಜೌಗಿನಲ್ಲಿ ಸಿಕ್ಕಿತು. ನಗರವನ್ನು ನೆರೆಯಿಂದ ಕಾಯಲು ತೋಡಿದ ದೊಡ್ಡ ಕಾಲುವೆ 1780ರಲ್ಲಿ ಮುಗಿಯಿತು.

ಇನ್ನು ನಮ್ಮ ಸಭೆಯ ಪ್ರಶ್ನೆಗೆ ಬರುತ್ತೇನೆ. ಸ್ಲೊವೇನಿಯಾದ ದಕ್ಷಿಣದಲ್ಲಿ ಕ್ರೂಪಾ ಎಂಬ ಪುಟ್ಟ ನದಿ ಬಂಡೆಯ ಬುಡದಿಂದ ಹೊರಡುತ್ತದೆ. ಅದರಿಂದ ಸುತ್ತಲಿನ ಸೀಮೆಗೆ ಕುಡಿಯುವ ನೀರು ಕೊಡಬೇಕೆಂಬ ಯೋಜನೆಯಿತ್ತು. ಅಲ್ಲಿಗೆ ಹತ್ತಿರದ ಸೆಮಿಚ್ ಊರಿನಲ್ಲಿ 1962ರಿಂದ ವಿದ್ಯುತ್ ಕೆಪಾಸಿಟರ್ ತಯಾರಿಸುತ್ತಿದ್ದ ಕಾರ್ಖಾನೆಯೊಂದು ಪಿಸಿಬಿ ಎಂಬ ವಿಷ ರಾಸಾಯನಿಕ ಸೇರಿದ ತ್ಯಾಜ್ಯವನ್ನು ಸುಣ್ಣಕಲ್ಲಿನ ಕುಳಿಗಳಲ್ಲಿ ಸುರಿಯುತ್ತಿತ್ತು. ಕುಳಿಯಲ್ಲಿ ಸುರಿದದ್ದು ಕಣ್ಣಿಗೆ ಬೀಳುವುದಿಲ್ಲವಲ್ಲ. 1983ರಲ್ಲಿ ಆ ವಿಷ ಕ್ರೂಪಾ ನದಿಯ ನೀರಿನಲ್ಲಿ ಪತ್ತೆಯಾಯಿತು, ಕುಡಿಯುವ ನೀರಿನ ಯೋಜನೆ ನಿಂತುಹೋಯಿತು. ಸುರಿಯುವುದು ನಿಂತು ದಶಕಗಳು ಕಳೆದ ಮೇಲೂ ಅಲ್ಲಿಯ ಕೆಸರಿನಲ್ಲಿ ವಿಷ ಉಳಿದಿದೆ. ಆ ನಾಡಿನ ಒಳಹೊಳೆಗಳಲ್ಲಿ ಓಲ್ಮ್ ಎಂಬ ಪ್ರಾಣಿಯಿದೆ. ಕಣ್ಣು ಕಾಣದ, ಬೆಳ್ಳಗಿನ, ಗೇಣುದ್ದದ ಈ ಜೀವಿ ಹುಟ್ಟಿನಿಂದ ಸಾವಿನವರೆಗೆ ಕತ್ತಲೆಯ ನೀರಿನಲ್ಲೇ ಬದುಕುತ್ತದೆ. ಅದರ ಮೈಯಲ್ಲೂ ಆ ವಿಷ ಸೇರಿಕೊಂಡಿತು. ಆ ನದಿಯ ದಂಡೆಯ ಜನರಿಗೆ ಯಾರೂ ಕೇಡು ಬಗೆದಿರಲಿಕ್ಕಿಲ್ಲ. ತಾವು ಕುಳಿಗೆ ಹಾಕಿದ್ದು ಅಲ್ಲಿಯೇ ಇರುತ್ತದೆಂದು ಸುರಿದವರು ನಂಬಿದ್ದಿರಬೇಕು.

ಒಳಗೆ ಹೋದದ್ದು ಎಷ್ಟು ಬೇಗ ಹೊರಬರಬಹುದೆಂಬುದಕ್ಕೆ ಫ್ರಾನ್ಸಿನ ಒಂದು ಘಟನೆ ಪ್ರಸಿದ್ಧವಾಗಿದೆ. 1901ರ ಆಗಸ್ಟ್ 11ರಂದು ಪೊಂತಾರ್ಲಿಯೆ ಪಟ್ಟಣದ ಮದ್ಯದ ಕಾರ್ಖಾನೆಗೆ ಸಿಡಿಲು ಬಡಿದು ಬೆಂಕಿ ಹತ್ತಿತು. ತೊಟ್ಟಿಗಳು ಸಿಡಿಯಬಾರದೆಂದು ಕೆಲಸಗಾರರು ಅಪಾರ ಪ್ರಮಾಣದ ಮದ್ಯವನ್ನು ಪಕ್ಕದ ದೂ ನದಿಗೆ ಬಿಟ್ಟರು. ಎರಡು ದಿನದ ಮೇಲೆ, ಬೆಟ್ಟದಾಚೆ ಬೇರೆಯೇ ನದಿಯೆಂದು ತಿಳಿದಿದ್ದ ಲೂ ನದಿಯ ಉಗಮದಲ್ಲಿ ನೀರು ಆ ಮದ್ಯದ ವಾಸನೆ ಸೂಸಿತು. ದೂ ನದಿಯ ನೀರು ನೆಲದಡಿಯಿಂದ ಲೂ ನದಿಗೆ ಹೋಗುತ್ತದೆಂಬುದು ಹೀಗೆ ಬಯಲಾಗಿ, ಮುಂದೆ 1910ರಲ್ಲಿ ಬಣ್ಣದ ಪರೀಕ್ಷೆಯಿಂದ ದೃಢಪಟ್ಟಿತು.

ಜರ್ಮನಿಯ ಡ್ಯಾನ್ಯೂಬ್ ನದಿಯದು ಇನ್ನೂ ದೊಡ್ಡ ಕಥೆ. ಮಹದಾಯಿಯ ವ್ಯಾಜ್ಯವನ್ನು ಕಂಡ ನಮ್ಮ ಭಾಗದವರು ಇದನ್ನು ತಿಳಿಯಬೇಕು. ಇಮ್ಮೆಂಡಿಂಗೆನ್ ಎಂಬಲ್ಲಿ ಡ್ಯಾನ್ಯೂಬಿನ ನೀರು ಪಾತ್ರದ ತೂತುಗಳಲ್ಲಿ ಇಂಗಿ, ವರ್ಷದ ಎಷ್ಟೋ ದಿನ ಮುಂದಿನ ಪಾತ್ರ ಬರಿದೇ ಬಿದ್ದಿರುತ್ತದೆ. 1877ರಲ್ಲಿ ಕ್ನೋಪ್ ಎಂಬ ಭೂವಿಜ್ಞಾನಿ ಅಲ್ಲಿ ಟನ್ನುಗಟ್ಟಲೆ ಉಪ್ಪನ್ನೂ ಹತ್ತು ಕಿಲೋ ಹಸಿರು ಬಣ್ಣವನ್ನೂ ಕಲೆಸಿಬಿಟ್ಟಾಗ, ಸುಮಾರು 12 ಕಿಲೋಮೀಟರು ಆಚೆಯ ಆಖ್ ಎಂಬ ಬುಗ್ಗೆಯಲ್ಲಿ ಸುಮಾರು 60 ಗಂಟೆಗಳಲ್ಲಿ ಉಪ್ಪುನೀರೂ ಹಸಿರುನೀರೂ ಎದ್ದವು. ಆಖ್ ಬುಗ್ಗೆಯ ನೀರು ರೈನ್ ನದಿಗೆ ಸೇರುತ್ತದೆ. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ಹೀಗೆ ಉತ್ತರ ಸಮುದ್ರಕ್ಕೆ ಹೋಗುವುದನ್ನು ಕುರಿತು ಅಲ್ಲಿಯ ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ನಿಸರ್ಗ ತಾನಾಗಿ ಮಾಡಿದ್ದನ್ನು ಇಬ್ಬರೂ ಒಪ್ಪಿಕೊಳ್ಳಬೇಕು, ಆದರೆ ಇಂಗುವುದನ್ನು ಕೃತಕವಾಗಿ ಹೆಚ್ಚಿಸುವುದಾಗಲಿ ತಡೆಯುವುದಾಗಲಿ ಕೂಡದೆಂಬ ಅರ್ಥದ ತೀರ್ಮಾನ 1927ರಲ್ಲಿ ಬಂತು. ನೆಲದಡಿಯ ನೀರಿಗೂ ನೆರೆಹೊರೆಯವರಿದ್ದಾರೆ, ಅವರಿಗೂ ಹಕ್ಕಿದೆ ಎಂದು ಒಂದು ನ್ಯಾಯಾಲಯ ಒಪ್ಪಿಕೊಂಡದ್ದು ನನಗೆ ಮಹತ್ವದ್ದೆನಿಸುತ್ತದೆ.

ಈ ತಿಳಿವಳಿಕೆಯನ್ನು ಸರಿಯಾಗಿ ಬಳಸಿಕೊಂಡ ಊರೂ ಇದೆ. ವಿಯೆನ್ನಾ ನಗರ 1873ರಿಂದ ಆಲ್ಪ್ಸ್ ಪರ್ವತದ ಸುಣ್ಣಕಲ್ಲಿನ ಬುಗ್ಗೆಗಳ ನೀರನ್ನು ಕೊಳವೆಯಲ್ಲಿ ತಂದು ಕುಡಿಯುತ್ತಿದೆ; 1910ರಲ್ಲಿ ಎರಡನೆಯ ಕೊಳವೆಮಾರ್ಗವೂ ಬಂತು. ಬುಗ್ಗೆಯನ್ನು ಮಾತ್ರ ಕಾಯ್ದರೆ ಸಾಲದೆಂದು ಅರಿತು, ಆ ನೀರು ಇಂಗುವ ಬೆಟ್ಟಗಳ ಕಾಡನ್ನೂ ನಗರವೇ ಕಾಪಾಡಿಕೊಂಡು ಬಂದಿದೆ.

ನಮ್ಮ ನೆರೆಯಲ್ಲಿಯೇ ಸುಣ್ಣಕಲ್ಲಿನ ನೆಲವಿದೆ. ಕುಮಟಾ ತಾಲೂಕಿನ ಯಾಣಕ್ಕೆ ನಾನು ಹದಿನಾರು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. 120 ಮೀಟರು ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಎರಡೂ ಕಪ್ಪಾದ ಸುಣ್ಣಕಲ್ಲು. ಗುಹೆಯಲ್ಲಿ ಲಿಂಗದ ಮೇಲೆ ತೊಟ್ಟಿಕ್ಕುವ ನೀರು ಬಂಡೆಯೊಳಗಿನಿಂದಲೇ ಬರುತ್ತದೆ. ಅಲ್ಲಿಯ ಚಂಡಿಹೊಳೆ ಅಘನಾಶಿನಿಯನ್ನು ಸೇರುತ್ತದೆ. ಬಂಡೆಯ ಸಂದುಗಳಲ್ಲಿ ಪ್ರವಾಸಿಗರು ತುರುಕಿಹೋಗುವ ಪ್ಲಾಸ್ಟಿಕ್ಕನ್ನು ಮಕ್ಕಳಿಂದ ಹೆಕ್ಕಿಸುವಾಗ ಪ್ರತಿ ಸಲವೂ ನನಗೆ ನೋವಾಗುತ್ತಿತ್ತು. ಆಂಧ್ರಪ್ರದೇಶದ ಬೇಲಂ ಗುಹೆ 3,229 ಮೀಟರು ಉದ್ದವಿದ್ದು, ಅದರ ತಳದಲ್ಲಿ ಪಾತಾಳಗಂಗೆ ಎಂಬ ಹೊಳೆ ಹರಿದು ಕಲ್ಲಿನೊಳಗೆ ಮಾಯವಾಗುತ್ತದೆ. ಆ ಗುಹೆಯನ್ನು 1884ರಲ್ಲಿ ದಾಖಲಿಸಿದ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯೇ ನಮ್ಮ ಸೀಮೆಯ ಶಿಲೆಗಳಿಗೆ ಧಾರವಾಡದ ಹೆಸರನ್ನಿಟ್ಟವರು. ಜಗತ್ತಿನ ಭೂವಿಜ್ಞಾನಿಗಳೆಲ್ಲ ನಮ್ಮ ಊರಿನ ಹೆಸರನ್ನು ಬಲ್ಲದ್ದು ಆ ಶಿಲೆಗಳಿಂದ.

ಆ ಶಿಲೆಗಳು ಸುಣ್ಣಕಲ್ಲಲ್ಲ ಎಂಬುದನ್ನು ನಾನೇ ಮೊದಲು ಹೇಳಬೇಕು. ಧಾರವಾಡದ ಕೆಳಗಿರುವುದು 250 ಕೋಟಿ ವರ್ಷಗಳಿಗೂ ಹಳೆಯದಾದ ಶಿಸ್ಟ್, ಗ್ರೇವ್ಯಾಕ್ ಮೊದಲಾದ ಗಟ್ಟಿ ಕಲ್ಲು. ಅದರಲ್ಲಿ ಗುಹೆಗಳಿಲ್ಲ, ನದಿ ಹರಿಯುವುದಿಲ್ಲ. ತೆಂಗಿನಕಾಯಿ ಹಿಡಿದು ನೀರು ತೋರಿಸುವವರು ನಿಮ್ಮ ಹಿತ್ತಲಿನ ಕೆಳಗೆ ನದಿಯೇ ಇದೆ ಎಂದರೆ ನಂಬಬಾರದು. ಶಾಲ್ಮಲೆಯನ್ನು ನಾವು ಗುಪ್ತಗಾಮಿನಿ ಎನ್ನುವುದು ಪ್ರೀತಿಯಿಂದ, ಅವಳ ಹರಿವು ಕ್ಷೀಣವಾದ ದುಃಖದಿಂದ. ಆದರೆ ಈ ಗಟ್ಟಿ ಕಲ್ಲಿಗೂ ಸುಣ್ಣಕಲ್ಲಿಗೂ ಒಂದು ವಿಷಯದಲ್ಲಿ ಹೋಲಿಕೆಯಿದೆ: ಇಲ್ಲಿಯೂ ಆಳದ ನೀರು ಇರುವುದು, ಹರಿಯುವುದು ಕಲ್ಲಿನ ಬಿರುಕುಗಳಲ್ಲಿ. ಮೇಲೆ ಕೆಂಪು ಮಣ್ಣೂ ಶಿಥಿಲವಾದ ಕಲ್ಲೂ ಇರುವಷ್ಟು ದೂರ ಸೋಸುವ ಕೆಲಸ ನಡೆಯುತ್ತದೆ. ಕೊಳವೆಬಾವಿ ಆ ಪದರವನ್ನು ಕೇಸಿಂಗ್ ಪೈಪಿನಿಂದ ದಾಟಿ ನೇರವಾಗಿ ಬಿರುಕುಗಳನ್ನು ಮುಟ್ಟುತ್ತದೆ. ಅಂದಮೇಲೆ ಬತ್ತಿದ ಕೊಳವೆಬಾವಿಗೆ ಹೊಲಸು ಬಿಡುವವರು ನೆಲದ ಸೋಸುವ ಭಾಗವನ್ನು ತಪ್ಪಿಸಿ, ಸೋಸದ ಭಾಗಕ್ಕೆ ಅದನ್ನು ತಲುಪಿಸಿದಂತಾಗುತ್ತದೆ. ನೆರೆಮನೆಯ ಕೊಳವೆಬಾವಿಯೂ ಅದೇ ಬಿರುಕಿನಿಂದ ನೀರೆಳೆಯುತ್ತಿದ್ದರೆ, ಅವರ ಪಂಪು ಓಡಿದಷ್ಟೂ ಈ ಹೊಲಸು ಅತ್ತ ಸೆಳೆಯಲ್ಪಡುತ್ತದೆ. ಬಾವಿ ಬತ್ತಿದೆ ಎಂದರೆ ಬಿರುಕು ಮುಚ್ಚಿದೆ ಎಂದಲ್ಲ, ಅದರಲ್ಲಿ ನೀರಿಲ್ಲ ಎಂದಷ್ಟೇ. ಮಳೆ ಚೆನ್ನಾದ ವರ್ಷ ಅದು ಮತ್ತೆ ತುಂಬುತ್ತದೆ, ನಾವು ಬಿಟ್ಟದ್ದನ್ನು ಕೂಡಿಕೊಂಡು ಸಾಗುತ್ತದೆ.

ನನ್ನ ಮನೆಯ ಅನುಭವವನ್ನೂ ಹೇಳಬೇಕು. ನಮ್ಮಿಂದ ಎರಡು ಓಣಿ ಆಚೆ ಕಟ್ಟಿದ ಒಂದು ವಸತಿ ಸಮುಚ್ಚಯದವರು ಇಂಥದೇ ಪೈಪು ಜೋಡಿಸಿಕೊಂಡರೆಂದು ಅಲ್ಲಿ ಕೆಲಸ ಮಾಡಿದ ಪ್ಲಂಬರ್ ತಿಳಿಸಿದರು. ಮುಂದಿನ ಮಳೆಗಾಲದಲ್ಲಿ ನಮ್ಮ ಕೊಳವೆಬಾವಿಯ ನೀರು ವಾಸನೆ ಬರತೊಡಗಿತು, ಬಕೆಟ್ಟಿನಲ್ಲಿ ನೊರೆ ಕಟ್ಟಿತು. ಪ್ರಯೋಗಾಲಯಕ್ಕೆ ಕೊಟ್ಟಾಗ ಮಲಮೂಲದ ಬ್ಯಾಕ್ಟೀರಿಯಾ ಇದೆಯೆಂದು ವರದಿ ಬಂತು. ಆ ಪೈಪೇ ಕಾರಣವೆಂದು ನಾನು ಸಾಧಿಸಿಲ್ಲ. ಸಾಧಿಸಲು ಪರೀಕ್ಷೆ ಆಗಬೇಕು, ಅದನ್ನೇ ಕೇಳುತ್ತಿದ್ದೇನೆ. ಮಲಪ್ರಭೆಯ ಮತ್ತು ನೀರಸಾಗರದ ನೀರಿಗೆ ದಿನಗಟ್ಟಲೆ ಕಾದು, ನಡುವಿನ ದಿನಗಳನ್ನು ಕೊಳವೆಬಾವಿಯಿಂದಲೇ ಕಳೆದವರು ನಾವು. ಆ ನೀರೂ ಕೆಟ್ಟರೆ ಟ್ಯಾಂಕರಿಗೆ ದುಡ್ಡು ಕೊಡಲಾರದ ಮನೆಗಳ ಗತಿಯೇನು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1974ರ ಜಲಮಾಲಿನ್ಯ ತಡೆ ಕಾಯ್ದೆಯ 24ನೆಯ ಕಲಮು ಹೊಳೆಗಾಗಲಿ ಬಾವಿಗಾಗಲಿ ಮಲಿನ ವಸ್ತುವನ್ನು ತಿಳಿದೂ ಬಿಡುವುದನ್ನು ನಿಷೇಧಿಸುತ್ತದೆ; ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಹೊಳೆ ಎಂದರೆ ನೆಲದಡಿಯ ನೀರೂ ಸೇರಿದೆ. ಬಳಕೆಯಲ್ಲಿಲ್ಲದ ಕೊಳವೆಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ನೆಲಮಟ್ಟದವರೆಗೆ ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಮಕ್ಕಳ ರಕ್ಷಣೆಗಾಗಿ ಸೂಚಿಸಿದೆ. ಮಳೆನೀರಿನ ಮರುಪೂರಣವನ್ನು ನಾನು ವಿರೋಧಿಸುತ್ತಿಲ್ಲ. ಮಾಳಿಗೆಯ ಮಳೆನೀರನ್ನು ಜಲ್ಲಿ, ಮರಳು, ಇದ್ದಿಲುಗಳ ಮೂಲಕ ಸೋಸಿ ಕೊಳವೆಬಾವಿಗೆ ಇಳಿಸುವುದು ಒಳ್ಳೆಯ ಕೆಲಸ. ಅದೇ ಬಾಯಿಗೆ ಬಚ್ಚಲು ನೀರನ್ನು ಬಿಡುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಲಕ್ಕುಂಡಿಯಲ್ಲಿ ಮೆಟ್ಟಿಲು ಕಟ್ಟಿ, ಗೂಡುಗಳಲ್ಲಿ ದೇವರನ್ನಿಟ್ಟು ಬಾವಿಗಳನ್ನು ಕಾಪಾಡಿಕೊಂಡ ಸೀಮೆಯವರು ನಾವು. ಅದೇ ಸೀಮೆಯ ಊರುಗಳಲ್ಲಿ ಹಳೆಯ ತೆರೆದ ಬಾವಿಗಳನ್ನು ಕಸದ ಗುಂಡಿಗಳಾಗಿ ಮಾಡಿರುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಮಹಾನಗರ ಪಾಲಿಕೆಯು ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಬತ್ತಿದ ಕೊಳವೆಬಾವಿಗಳ ಪಟ್ಟಿ ಮಾಡಿ, ಪೈಪು ಜೋಡಿಸಿರುವ ಕಡೆ ಅದನ್ನು ಕತ್ತರಿಸಬೇಕು. ಹೀರುವ ಗಾಡಿಯ ಶುಲ್ಕವನ್ನು ಬಡವರಿಗೂ ಎಟಕುವಂತೆ ಇಳಿಸಬೇಕು, ಇಲ್ಲವಾದರೆ ಜನ ಮತ್ತೆ ಕೊಳವೆಬಾವಿಯ ಕಡೆಗೇ ನೋಡುತ್ತಾರೆ. ಅಂತರ್ಜಲ ಇಲಾಖೆಯವರೂ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದವರೂ ಸೇರಿ ನಮ್ಮ ಬಡಾವಣೆಯಲ್ಲಿ ಒಂದು ಬಣ್ಣದ ಪರೀಕ್ಷೆ ನಡೆಸಬೇಕೆಂದು ವಿನಂತಿಸುತ್ತೇನೆ. 1877ರಲ್ಲಿ ಡ್ಯಾನ್ಯೂಬಿನ ದಂಡೆಯಲ್ಲಿ ಮಾಡಲು ಸಾಧ್ಯವಾದದ್ದು ಇಂದು ಧಾರವಾಡದಲ್ಲಿ ಕಷ್ಟವಾಗಲಾರದು. ನಿರಪಾಯವಾದ ಬಣ್ಣಗಳೂ ಅವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಗುರುತಿಸುವ ಉಪಕರಣಗಳೂ ಈಗ ಇವೆ. ಸಭೆಯಲ್ಲಿ ನನ್ನನ್ನು ಪ್ರಶ್ನಿಸಿದ ಹಿರಿಯರೊಡನೆ ಮಾತಾಡಿದ್ದೇನೆ. ಪರೀಕ್ಷೆಯಾಗುವವರೆಗೆ ಓಣಿಯ ತುದಿಯ ಕೊಳವೆಬಾವಿಗೆ ಪೈಪು ಜೋಡಿಸದಿರಲು ಅವರು ಒಪ್ಪಿದ್ದಾರೆ. ಅವರ ಮನೆಯ ಮತ್ತು ನಮ್ಮ ಮನೆಯ ಕೊಳವೆಬಾವಿಗಳೆರಡನ್ನೂ ಪರೀಕ್ಷೆಗೆ ಬಳಸಿಕೊಳ್ಳಬಹುದು. ದಿನಕ್ಕೆ ಎರಡು ಹೊತ್ತು ನೀರಿನ ಮಾದರಿ ತೆಗೆದು, ಶೀಸೆಗೆ ದಿನಾಂಕ ಬರೆದು ಇಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಶಿಕ್ಷಕಿ,
ಧಾರವಾಡ